ಮೈಕ್ರೋವೇವ್ ಕಲಿಸಿದ ರಾಜೇಶ್ವರಿ ಚಟರ್ಜಿ

ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದವರು ರಾಜೇಶ್ವರಿ ಚಟರ್ಜಿ (1922–2010). ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಪದವೀಧರೆಯರಲ್ಲೊಬ್ಬರು. ಅವರು ತೆರೆದ ಶಾಲೆಯಲ್ಲೇ ಮೊಮ್ಮಗಳ ಓದು ಶುರುವಾಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್‌ಸಿ. ಮುಗಿಸಿದ ರಾಜೇಶ್ವರಿ, 1943ರ ಹೊತ್ತಿಗೆ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಸರ್ಕಾರದ ವಿದ್ಯಾರ್ಥಿವೇತನ ಪಡೆದು 1947ರಲ್ಲಿ ಹಡಗು ಹತ್ತಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಒಂಟಿ ಹೆಣ್ಣುಮಗಳ ಸಾಗರಯಾನ ಆ ಕಾಲಕ್ಕೆ ಸಣ್ಣ ಮಾತಲ್ಲ.

1953ರಲ್ಲಿ ಡಾಕ್ಟರೇಟ್‌ನೊಂದಿಗೆ ಮರಳಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಅಧ್ಯಾಪಕಿಯಾದರು. ಪತಿ ಶಿಶಿರ್ ಚಟರ್ಜಿಯವರೊಂದಿಗೆ ಮೈಕ್ರೋವೇವ್ ಪ್ರಯೋಗಾಲಯವನ್ನು ಕಟ್ಟಿದರು. ಮೈಕ್ರೋವೇವ್ ಎಂಬ ಸೂಕ್ಷ್ಮ ತರಂಗಗಳು ಸಾಮಾನ್ಯ ತಂತಿಯಲ್ಲಿ ಬಹಳಷ್ಟು ಸೋರಿಹೋಗುತ್ತವೆ. ಹಾಗಾಗಿ ಅವನ್ನು ಪೊಳ್ಳಾದ ಲೋಹದ ಕೊಳವೆಯೊಳಗೆ ಸಾಗಿಸಿ, ಆಂಟೆನಾ ಮೂಲಕ ಬೇಕಾದ ದಿಕ್ಕಿಗೆ ಹರಿಸಬೇಕು. ರಡಾರ್ ನಿಂತಿರುವುದೇ ಇದರ ಮೇಲೆ. ವಿಮಾನಗಳ ಆಂಟೆನಾಗಳ ಕುರಿತೂ ಅವರ ಸಂಶೋಧನೆ ನಡೆಯಿತು. ಅವರ ಕೈಕೆಳಗೆ ಇಪ್ಪತ್ತು ಮಂದಿ ಪಿಎಚ್‌.ಡಿ. ಪಡೆದರು. ನಿಜವಾಗಿ ಇದೇ ಅವರ ದೊಡ್ಡ ಕೊಡುಗೆ: ಹೊಸ ಕ್ಷೇತ್ರವೊಂದಕ್ಕೆ ಒಂದು ತಲೆಮಾರನ್ನೇ ಅವರು ಸಿದ್ಧಪಡಿಸಿದರು.

1982ರ ನಿವೃತ್ತಿಯ ಬಳಿಕ ಅವರು ಭಾರತೀಯ ಮಹಿಳಾ ಅಧ್ಯಯನ ಸಂಘದ ಕೆಲಸದಲ್ಲಿ ತೊಡಗಿದರು.