ಗಾಜಿನ ಮೇಲೆ ಮೂಡಿದ ನಿಜಾಮರ ದರ್ಬಾರು!

ಚಿಟಗುಪ್ಪದ ಹಳೆಯ ಕಂದಾಯದ ಜಾಡು ಹಿಡಿದು ಹೊರಟರೆ ಎಲ್ಲಿಗೆ ಹೋಗಿ ಮುಟ್ಟುತ್ತೇವೆ ಗೊತ್ತೆ? ನೆಟ್ಟಗೆ ಹೈದರಾಬಾದಿನ ಅರಮನೆಗಳಿಗೆ! ನಿಜಾಮರ ಆಳ್ವಿಕೆಯಲ್ಲಿ ಚಿಟಗುಪ್ಪ ಒಂದು ಪಾಯಗಾ ತಾಲ್ಲೂಕು, ಹುಮನಾಬಾದೂ ಅದರೊಳಗೇ. ಪಾಯಗಾಗಳೆಂದರೆ ನಿಜಾಮರಿಗಾಗಿ ಸೈನ್ಯ ಸಾಕುತ್ತಿದ್ದ, ಅವರ ಮನೆಯೊಂದಿಗೇ ಬೀಗತನ ಬೆಳೆಸಿದ್ದ ಜಹಗೀರದಾರರು. ಫಲಕ್‌ನುಮಾ ಅರಮನೆ ಕಟ್ಟಿಸಿದ ವಿಕಾರ್-ಉಲ್-ಉಮ್ರಾ ಇದೇ ಮನೆತನದವರು. ಇಲ್ಲಿ ಜೋಳ ಬೆಳೆದು ಕಂದಾಯ ಕಟ್ಟಿದ ಎಷ್ಟು ರೈತರು ಇಂಥ ಒಡೆಯರ ಮುಖ ಕಂಡಿದ್ದಾರು? ನಾವು ಕಾಣಬಹುದು! ಗಡ್ಡದ ಎಳೆ, ಅಂಗಿಯ ಜರಿ, ಎಲ್ಲವೂ ನಿಚ್ಚಳ!

ಆ ಮುಖಗಳನ್ನು ಉಳಿಸಿಕೊಟ್ಟವರು ರಾಜಾ ದೀನ್ ದಯಾಳ್. ಆಸ್ಥಾನದ ಚಿತ್ರಕಾರ, ಆದರೆ ಕೈಯಲ್ಲಿ ಕುಂಚವಿಲ್ಲ!

ಹುಟ್ಟಿದ್ದು 1844ರಲ್ಲಿ, ಮೇರಠ್ ಹತ್ತಿರದ ಸರ್ಧನಾದ ಜೈನ ಕುಟುಂಬದಲ್ಲಿ. ಕಲಿತದ್ದು ರೂರ್ಕಿಯಲ್ಲಿ ಎಂಜಿನಿಯರಿಂಗ್. ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ. ಸರ್ವೆಯ ಕೆಲಸ ಮಾಡಿಕೊಂಡಿದ್ದ ಈ ಮನುಷ್ಯ ಮೂವತ್ತರ ಆಸುಪಾಸಿನಲ್ಲಿ ಕ್ಯಾಮೆರಾ ಹಿಡಿದರು, ಮತ್ತೆ ಕೆಳಗಿಡಲೇ ಇಲ್ಲ! 1880ರ ದಶಕದಲ್ಲಿ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾದರು, ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದರು. ರಾಜಾ ಎಂಬ ಬಿರುದು ಕೊಟ್ಟವರು ನಿಜಾಮರೇ.

ಅವರ ಕೆಲಸದ ಸೊಗಸು ತಿಳಿಯಬೇಕೆಂದರೆ ಆ ಕಾಲದ ಗಾಜಿನ ನೆಗೆಟಿವ್ ಒಂದನ್ನು ಬೆಳಕಿಗೆ ಹಿಡಿದು ನೋಡಬೇಕು. ಎಲ್ಲವೂ ತಿರುಗುಮುರುಗು! ಬಿಳಿ ಅಂಗಿ ಕಪ್ಪು, ಕರಿ ಗಡ್ಡ ಬಿಳಿ. ಹಣೆಯ ಸುಕ್ಕು ತಿಳಿಯಾದ ಗೆರೆಯಾಗಿ ಕಾಣುತ್ತದೆ. ನವಾಬರ ವಯಸ್ಸು ಇಳಿಸಬೇಕೆ? ಚೂಪಾದ ಪೆನ್ಸಿಲಿನಿಂದ ಆ ಗೆರೆಯನ್ನು ಹಗುರವಾಗಿ ತುಂಬಿದರಾಯಿತು. ಅಚ್ಚಿನಲ್ಲಿ ಸುಕ್ಕು ಮಾಯ! ಕುಂಚದವರ ಚಮತ್ಕಾರ ಸ್ಟುಡಿಯೋದಲ್ಲೂ ಹೀಗೆ ಮುಂದುವರಿಯಿತು.

ಇನ್ನೂ ಬೆರಗಿನ ಸಂಗತಿ ಇದೆ. ಪರದೆಯ ಹಿಂದಿರುವ ಹೆಂಗಸರ ಚಿತ್ರ ಯಾರು ತೆಗೆಯಬೇಕು? 1892ರಲ್ಲಿ ದೀನ್ ದಯಾಳರು ಹೈದರಾಬಾದಿನಲ್ಲಿ ಜನಾನಾ ಸ್ಟುಡಿಯೋ ತೆರೆದೇಬಿಟ್ಟರು! ಸುತ್ತ ಎತ್ತರದ ಗೋಡೆ, ಒಳಗೆ ಬರೀ ಹೆಂಗಸರು. ಕ್ಯಾಮೆರಾದ ಹಿಂದೆಯೂ ಹೆಣ್ಣೇ: ಕೆನ್ನಿ-ಲೆವಿಕ್ ಎಂಬ ಆಂಗ್ಲ ಮಹಿಳೆ. ನೂರಮೂವತ್ತು ವರ್ಷಗಳ ಹಿಂದೆ, ನಿಜಾಮರ ರಾಜಧಾನಿಯಲ್ಲಿ!

ಖ್ಯಾತಿ ಕಡಲು ದಾಟಿತು. 1893ರ ಷಿಕಾಗೋ ಮಹಾಮೇಳದಲ್ಲಿ ಪ್ರಶಸ್ತಿ, ವಿಕ್ಟೋರಿಯಾ ರಾಣಿಯಿಂದ ಮನ್ನಣೆ, 1896ರಲ್ಲಿ ಮುಂಬಯಿಯಲ್ಲೂ ಸ್ಟುಡಿಯೋ. 1905ರಲ್ಲಿ ತೀರಿಕೊಂಡರು. ಅವರ 2,857 ಗಾಜಿನ ನೆಗೆಟಿವ್‌ಗಳು ಈಗ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿವೆ.

ಅವರು ತೆಗೆದದ್ದು ಬರೀ ನವಾಬರ ಚಿತ್ರಗಳೂ ಅಲ್ಲ! 1900ರ ಆಸುಪಾಸಿನ ಬರಗಾಲದಲ್ಲಿ ಔರಂಗಾಬಾದ್ ಸೀಮೆಯ ಪರಿಹಾರ ಕಾಮಗಾರಿಗಳನ್ನೂ ದಾಖಲಿಸಿದರು. ಹಿಂದಿನ ಆಸ್ಥಾನ ಚಿತ್ರಕಾರರಿಗೆ ಕೂಲಿಯವನ ಚಿತ್ರ ಬರೆಸಲು ಹಣ ಕೊಡುವವರು ಯಾರಿದ್ದರು? ಕ್ಯಾಮೆರಾ ಬಂದ ಮೇಲೆ ದರ್ಬಾರಿನ ಚಿತ್ರಕಾರನೇ ಬರದ ಬಯಲಿಗೂ ಬಂದ. ಹೀಗಾಗಿ ನಿಜಾಮರ ರಾಜ್ಯದ ಒಡೆಯರಷ್ಟೇ ಅಲ್ಲ, ಆ ರಾಜ್ಯದಲ್ಲಿ ಹಸಿದವರೂ ಇಂದು ನಮ್ಮ ಕಣ್ಣಿಗೆ ಬೀಳುತ್ತಾರೆ!