ನೆಗಡಿ ಬಂದ ಕಂಪ್ಯೂಟರಿನ ಮೂಗು ಕೊಯ್ಯಬೇಕೆ?

ಗುಂಡಿ ಒತ್ತಿ, ಕಾಫಿ ಕುಡಿದು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುವ ಕಂಪ್ಯೂಟರ್ ಇಂದು ಅನೇಕ ಮನೆಗಳಲ್ಲಿದೆ. ಮಗಳ ಪ್ರಾಜೆಕ್ಟ್, ಮಗನ ಪ್ರೋಗ್ರಾಮಿಂಗ್ ಅಭ್ಯಾಸ, ತಂದೆಯ ಲೆಕ್ಕಪತ್ರ ಎಲ್ಲಕ್ಕೂ ಅದೇ ಆಸರೆ. ‘ಇದನ್ನು ಗುಜರಿಗೆ ಹಾಕಿ, ಹೊಸದು ಕೊಳ್ಳಿ’ ಎಂದು ಸಲಹೆ ಕೊಡುವವರಿಗೆ ಬರವಿಲ್ಲ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದ ಮೇಲಂತೂ ಈ ಸಲಹೆಗೆ ಇನ್ನಷ್ಟು ಬಲ ಬಂದಿದೆ. ಆದರೆ ನೆಗಡಿ ಬಂತೆಂದು ಮೂಗನ್ನೇ ಕೊಯ್ಯುವ ಮುನ್ನ ಪಾಲಕರು ಸ್ವಲ್ಪ ಯೋಚಿಸುವುದು ಒಳ್ಳೆಯದು.

ಸೈಕಲ್ಲಿನ ಟೈರು ಸವೆದರೆ ಯಾರೂ ಸೈಕಲ್ಲನ್ನೇ ಎಸೆಯುವುದಿಲ್ಲ. ಮೇಜಿನ ಮೇಲಿಡುವ ಕಂಪ್ಯೂಟರೂ ಅಂಥದೇ. 1981ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಪರ್ಸನಲ್ ಕಂಪ್ಯೂಟರಿನಲ್ಲಿ ಬೇರೆ ತಯಾರಕರ ಕಾರ್ಡುಗಳನ್ನೂ ಸಿಕ್ಕಿಸಲು ಸ್ಲಾಟ್‌ಗಳಿದ್ದವು. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಮಾನದಂಡವು ಮದರ್‌ಬೋರ್ಡಿನ ಅಳತೆ, ಸ್ಕ್ರೂ ತೂತುಗಳ ಜಾಗ ಇತ್ಯಾದಿಗಳನ್ನು ಗೊತ್ತುಪಡಿಸಿತು. ಆದ್ದರಿಂದಲೇ ಒಂದು ಕಂಪನಿಯ ಕ್ಯಾಬಿನೆಟ್ಟಿನಲ್ಲಿ ಇನ್ನೊಂದು ಕಂಪನಿಯ ಬೋರ್ಡು, ಮತ್ತೊಂದರ ಡಿಸ್ಕು ಜಗಳವಿಲ್ಲದೆ ಕೂರುತ್ತವೆ. ಸೋತ ಭಾಗವನ್ನಷ್ಟೇ ಬದಲಿಸಿದರೆ ಸಾಕು.

ಕಾಯಿಲೆ ಯಾವ ಭಾಗಕ್ಕೆ?

ಔಷಧಕ್ಕೆ ಮೊದಲು ರೋಗ ಪತ್ತೆಯಾಗಬೇಕು. ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪ್ರೊಸೆಸರ್, ಮೆಮೊರಿ, ಡಿಸ್ಕ್ ಈ ಮೂರೂ ಎಷ್ಟೆಷ್ಟು ದುಡಿಯುತ್ತಿವೆ ಎಂಬುದು ಅಲ್ಲಿ ಶೇಕಡಾವಾರು ಕಾಣುತ್ತದೆ. ಕಂಪ್ಯೂಟರ್ ತಡವರಿಸುವಾಗ ಇದನ್ನು ಗಮನಿಸಬೇಕು. ಡಿಸ್ಕ್ ಶೇ. 100ರಲ್ಲಿ ನಿಂತು, ಪ್ರೊಸೆಸರ್ ಶೇ. 15ರಲ್ಲಿ ಸುಮ್ಮನೆ ಕುಳಿತಿದ್ದರೆ, ಹೊಸ ಪ್ರೊಸೆಸರ್ ಕೊಳ್ಳುವುದು ಹಣ ನೀರಿಗೆ ಹಾಕಿದಂತೆ. ಹತ್ತು ವರ್ಷ ಹಳೆಯದಾದ ಅನೇಕ ಯಂತ್ರಗಳಲ್ಲಿ ಕಾಣುವ ನೋಟ ಇದೇ.

ತಿರುಗುವ ತಟ್ಟೆಯ ಲೆಕ್ಕ

ಇದರ ಕಾರಣವನ್ನು ಪ್ರೌಢಶಾಲೆಯ ಗಣಿತದಿಂದಲೇ ತಿಳಿಯಬಹುದು. ಹಾರ್ಡ್‌ಡಿಸ್ಕಿನೊಳಗೆ ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುವ ತಟ್ಟೆಯಿದೆ. ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಮಾಹಿತಿ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದು ಸುಮಾರು 4 ಮಿಲಿಸೆಕೆಂಡ್. ಮುಳ್ಳು ಸರಿಯಾದ ಪಥಕ್ಕೆ ಸರಿಯಲು ಇನ್ನೊಂದು 9. ಒಟ್ಟು 13 ಮಿಲಿಸೆಕೆಂಡ್. ಅಂದರೆ ಬೇರೆ ಬೇರೆ ಜಾಗದಲ್ಲಿರುವ ತುಣುಕುಗಳನ್ನು ಸೆಕೆಂಡಿಗೆ 75ರಂತೆ ಮಾತ್ರ ಓದಲು ಸಾಧ್ಯ.

ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಸಂಗ್ರಾಹಕದಲ್ಲಿ ತಿರುಗುವ ಭಾಗವೇ ಇಲ್ಲ. ಇರುವುದು ಮೆಮೊರಿ ಚಿಪ್‌ಗಳು. ಒಂದು ತುಣುಕನ್ನು ತಲುಪಲು ಸುಮಾರು 0.1 ಮಿಲಿಸೆಕೆಂಡ್ ಸಾಕು. ಹತ್ತು ಸಾವಿರ ಚಿಕ್ಕ ತುಣುಕುಗಳನ್ನು ಒಂದೊಂದಾಗಿ ಓದಬೇಕೆನ್ನಿ. ಹಾರ್ಡ್‌ಡಿಸ್ಕಿಗೆ ಎರಡು ನಿಮಿಷಕ್ಕೂ ಮಿಕ್ಕಿ ಬೇಕು, ಎಸ್‌ಎಸ್‌ಡಿಗೆ ಒಂದು ಸೆಕೆಂಡು! ಕಾಫಿ ಕುಡಿದು ಬರುವಷ್ಟು ಕಾಯುವಿಕೆಯ ಗುಟ್ಟು ಇಲ್ಲಿದೆ. ಸಾಟಾ ಕೇಬಲ್ ಇರುವ ಹಳೆಯ ಮದರ್‌ಬೋರ್ಡಿಗೂ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಹೊಂದುತ್ತದೆ. ವಿಂಡೋಸ್ ಅದರಲ್ಲಿರಲಿ, ಹಳೆಯ ಹಾರ್ಡ್‌ಡಿಸ್ಕನ್ನು ಫೋಟೊ, ವಿಡಿಯೊ ಇಡಲು ಉಳಿಸಿಕೊಳ್ಳಬಹುದು.

ರ್‍ಯಾಮ್: ಓದುವ ಮೇಜು

ಡಿಸ್ಕ್ ಪುಸ್ತಕದ ಕಪಾಟಾದರೆ ರ್‍ಯಾಮ್ ಓದುವ ಮೇಜು. ಮೇಜು ಚಿಕ್ಕದಾದರೆ ಪುಸ್ತಕಗಳನ್ನು ಪದೇ ಪದೇ ಕಪಾಟಿಗೆ ಇಟ್ಟು ತೆಗೆಯಬೇಕಾಗುತ್ತದೆ. ಸಾಧಾರಣ ಓದು ಬರಹಕ್ಕೆ ಇಂದು 8 ಜಿಬಿ ರ್‍ಯಾಮ್ ಬೇಕು. ಪ್ರೋಗ್ರಾಮಿಂಗ್, ವಿಡಿಯೊ ಕೆಲಸಗಳಿಗೆ 16 ಜಿಬಿ ಇದ್ದರೆ ನೆಮ್ಮದಿ.

ಕೊಳ್ಳುವಾಗ ಮೂರು ಎಚ್ಚರಿಕೆಗಳು. ಒಂದು, ಡಿಡಿಆರ್3, ಡಿಡಿಆರ್4, ಡಿಡಿಆರ್5 ಬೇರೆ ಬೇರೆ ಪೀಳಿಗೆಯವು. ಪ್ರತಿಯೊಂದರ ಕಚ್ಚು ಬೇರೆ ಜಾಗದಲ್ಲಿದೆ. ಒಂದರ ಸ್ಲಾಟಿಗೆ ಇನ್ನೊಂದು ಹೊಂದದು, ಬಲವಂತವಾಗಿ ತುರುಕಬಾರದು. ಎರಡು, 16 ಜಿಬಿಯ ಒಂದೇ ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿ ಹಾಕಿದರೆ ಸಾಮಾನ್ಯವಾಗಿ ಮಾಹಿತಿಗೆ ಎರಡು ದಾರಿ ತೆರೆಯುತ್ತವೆ. ಮೂರು, ವಿಂಡೋಸ್ 32 ಬಿಟ್‌ನದಾಗಿದ್ದರೆ ಹೆಚ್ಚು ರ್‍ಯಾಮ್ ಹಾಕಿಯೂ ಫಲವಿಲ್ಲ. 2ರ 32ನೇ ಘಾತವೆಂದರೆ 429 ಕೋಟಿ ಚಿಲ್ಲರೆ ಬೈಟ್; ಅಷ್ಟೇ ವಿಳಾಸಗಳು, ಅಂದರೆ 4 ಜಿಬಿ. ಮೊದಲು 64 ಬಿಟ್‌ನದನ್ನು ಹಾಕಿಸಬೇಕು.

ವಿಂಡೋಸ್ 10ರ ಪ್ರಶ್ನೆ

ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಹಾಗೂ ಬಹುಮಟ್ಟಿಗೆ ಇಂಟೆಲ್‌ನ ಎಂಟನೆಯ ಪೀಳಿಗೆ ಅಥವಾ ಎಎಂಡಿ ರೈಜನ್ 2000 ಸರಣಿಯಿಂದೀಚಿನ ಪ್ರೊಸೆಸರ್ ಬೇಕು. ಟಿಪಿಎಂ ಬೋರ್ಡಿನಲ್ಲಿದ್ದೂ ಬಯೋಸ್‌ನಲ್ಲಿ ಆಫ್ ಆಗಿರುವುದುಂಟು. ‘ಇಲ್ಲ’ ಎಂದು ಕೈಬಿಡುವ ಮುನ್ನ ಅದನ್ನು ನೋಡಬೇಕು. ಪ್ರೊಸೆಸರೇ ಹಳೆಯದಾಗಿದ್ದರೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಎಂಬ ಉಚಿತ ವ್ಯವಸ್ಥೆಗಳಿವೆ. ಬರವಣಿಗೆ, ಅಂತರ್ಜಾಲ, ಪ್ರೋಗ್ರಾಮಿಂಗ್ ಕಲಿಕೆಗೆ ಅವು ಸಾಕು. ಆದರೆ ಕಾಲೇಜು ಹೇಳುವ ತಂತ್ರಾಂಶ ವಿಂಡೋಸ್‌ನಲ್ಲಿ ಮಾತ್ರ ನಡೆಯುವಂಥದಾದರೆ ಹೊಸ ಯಂತ್ರದ ಆಲೋಚನೆ ಮಾಡಲೇಬೇಕು.

ಹೊಸದಾಗಿ ಜೋಡಿಸುವವರಿಗೆ

ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ, ಎಲ್ಲರ ಬಾಯಲ್ಲಿ ಎಸ್.ಪಿ. ರಸ್ತೆ, ಬಿಡಿಭಾಗಗಳ ಅಂಗಡಿಗಳಿಗೆ ಹೆಸರಾದ ಜಾಗ. ಅಲ್ಲಿಗೆ ಹೋಗುವವರು ಒಂದು ಸೂತ್ರ ನೆನಪಿಡಬೇಕು: ಮುಂದೆ ಸುಲಭವಾಗಿ ಸೇರಿಸಬಹುದಾದುದರಲ್ಲಿ ಮಿತವ್ಯಯ, ಬದಲಿಸಲು ಕಷ್ಟವಾದುದರಲ್ಲಿ ಎಚ್ಚರ. ರ್‍ಯಾಮ್, ಡಿಸ್ಕ್, ಗ್ರಾಫಿಕ್ಸ್ ಕಾರ್ಡ್ ಮೊದಲ ಗುಂಪಿನವು. ಮದರ್‌ಬೋರ್ಡ್ ಮತ್ತು ಎಸ್‌ಎಂಪಿಎಸ್ ಎರಡನೆಯ ಗುಂಪಿನವು.

ಮದರ್‌ಬೋರ್ಡಿನ ಸಾಕೆಟ್ ಮುಂದಿನ ದಾರಿಯನ್ನು ನಿರ್ಧರಿಸುತ್ತದೆ. ಎಎಂಡಿಯ ಎಎಂ4 ಸಾಕೆಟ್ 2016ರಲ್ಲಿ ಬಂದಿತು. 2022ರಲ್ಲೂ ಅದಕ್ಕೆ ಹೊಸ ಪ್ರೊಸೆಸರ್‌ಗಳು ಬಂದವು. ಇಂಟೆಲ್‌ನಲ್ಲಾದರೋ ಆರು, ಏಳನೆಯ ಪೀಳಿಗೆಯ ಬೋರ್ಡುಗಳಿಗೆ ಎಂಟು, ಒಂಬತ್ತನೆಯ ಪೀಳಿಗೆಯವು ನಡೆಯಲಿಲ್ಲ, ಸಾಕೆಟ್ಟಿನ ಹೆಸರು ಒಂದೇ ಆಗಿದ್ದರೂ! ಆದ್ದರಿಂದ ಬೋರ್ಡಿನ ತಯಾರಕರು ಕೊಡುವ ಪ್ರೊಸೆಸರ್ ಪಟ್ಟಿ ನೋಡದೆ ಹಣ ಕೊಡಬಾರದು. ಪ್ರೊಸೆಸರಿನ ಹೆಸರಿನ ಕೊನೆಯ ಅಕ್ಷರವೂ ಮುಖ್ಯ. ಇಂಟೆಲ್‌ನಲ್ಲಿ ‘ಎಫ್’ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲವೆಂದರ್ಥ. ಬೇರೆ ಕಾರ್ಡ್ ಇಲ್ಲದೆ ಪರದೆ ಕಪ್ಪಾಗಿಯೇ ಇರುತ್ತದೆ. ರೈಜನ್ 5 5600ರಲ್ಲಿ ಗ್ರಾಫಿಕ್ಸ್ ಇಲ್ಲ, 5600ಜಿಯಲ್ಲಿ ಇದೆ.

230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು 12, 5, 3.3 ವೋಲ್ಟಿನ ನೇರ ವಿದ್ಯುತ್ತಾಗಿಸುವುದು ಎಸ್‌ಎಂಪಿಎಸ್. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆಯೆಂಬಂತೆ ಬರುವುದನ್ನು ಒಪ್ಪಿ ಕಷ್ಟಕ್ಕೆ ಸಿಕ್ಕುವವರುಂಟು. ಅದು ಕೆಟ್ಟರೆ ಕೆಲವೊಮ್ಮೆ ಬೋರ್ಡು, ಡಿಸ್ಕುಗಳನ್ನೂ ಜೊತೆಗೆ ಕರೆದೊಯ್ಯುತ್ತದೆ. ಒಳಗಿನ ಭಾಗಗಳಿಗೆ 100 ವಾಟ್ ಬೇಕೆನ್ನಿ. ದಕ್ಷತೆ ಶೇ. 80 ಇದ್ದರೆ ಗೋಡೆಯಿಂದ 125 ವಾಟ್ ಎಳೆಯುತ್ತದೆ, ಶೇ. 60 ಇದ್ದರೆ 167. ದಿನಕ್ಕೆ 5 ಗಂಟೆಯಂತೆ 300 ದಿನ ಬಳಸಿದರೆ ವ್ಯತ್ಯಾಸ ಸುಮಾರು 62 ಯೂನಿಟ್. ಅಷ್ಟೂ ಬರಿಯ ಶಾಖವಾಗಿ ಹೋಗುತ್ತದೆ. ‘80 ಪ್ಲಸ್’ ಮುದ್ರೆ ದಕ್ಷತೆಯ ಗುರುತು. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆಂದರೆ ಮನೆಯ ಅರ್ಥಿಂಗ್ ಸರಿಯಿಲ್ಲದಿರಬಹುದು. ಎಲೆಕ್ಟ್ರೀಷಿಯನ್ನರನ್ನು ಕರೆಸಿ ತೋರಿಸಬೇಕು.

ಮುಚ್ಚಳ ತೆಗೆಯುವ ಮುನ್ನ

ಮುಖ್ಯ ಕಡತಗಳ ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳಬೇಕು. ಕಂಪ್ಯೂಟರ್ ಆರಿಸಿ ಪ್ಲಗ್ ಕಿತ್ತ ಮೇಲೆ ಕ್ಯಾಬಿನೆಟ್ಟಿನ ಬರಿಯ ಲೋಹ ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ತನ್ನು ಇಳಿಸಬೇಕು. ಅದು ಚಿಪ್‌ಗಳಿಗೆ ಅಪಾಯಕಾರಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಕೂಡದು. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಆಘಾತ ನೀಡುವಷ್ಟು ವಿದ್ಯುತ್ ಉಳಿದಿರಬಹುದು.

ತಾರೀಖು ಪದೇ ಪದೇ ಹಿಂದಕ್ಕೆ ಹೋಗಿ ವೆಬ್‌ಸೈಟ್‌ಗಳು ತೆರೆಯದಿದ್ದರೆ, ಬೋರ್ಡಿನ ಮೇಲಿನ ಬಿಲ್ಲೆಯಂಥ ಸಿಆರ್2032 ಬ್ಯಾಟರಿ ಮುಗಿದಿರಬಹುದು. ಇಷ್ಟು ಚಿಕ್ಕ ಕಾರಣಕ್ಕೂ ಒಂದು ಕಂಪ್ಯೂಟರ್ ಮೂಲೆ ಸೇರಬಹುದು.

ಯಾವ ಭಾಗ ಕೊಂಡರೂ ಅದರ ಮಾದರಿ ಸಂಖ್ಯೆ ನಮೂದಿಸಿದ ಜಿಎಸ್‌ಟಿ ಬಿಲ್ ಪಡೆಯಬೇಕು. ವಾರಂಟಿಗೆ ಅದೇ ಆಧಾರ. ಎರಡು ವರ್ಷದ ಮೇಲೆ ಬೇಕಾಗಬಹುದೆಂದು ಇಂದೇ ಸಾಲ ಮಾಡಿ ಕೊಳ್ಳಬೇಕಿಲ್ಲ. ಸ್ಲಾಟ್ ಖಾಲಿ ಇದ್ದರೆ ಸಾಕು, ಬೇಕಾದಾಗ ತುಂಬಿಸಿಕೊಳ್ಳಬಹುದು.