ಮತ್ಸ್ಯಕನ್ಯೆ ನಿಜವಾಗಿ ಇದ್ದಳೇನು?



ಕೃಷ್ಣಾ, ಪಂಚಗಂಗಾ ಕೂಡುವ ನರಸೋಬಾವಾಡಿ ನಮ್ಮ ಕುರುಂದವಾಡದ ಮಗ್ಗುಲಲ್ಲೇ ಇದೆ. ನಾವು ಹೊಳೆದಂಡೆಯ ಜನ. ಹೊಳೆ ಇದ್ದಲ್ಲಿ ನೀರಿನ ಕತೆಗಳೂ ಇರುತ್ತವೆ. ಸೊಂಟದ ಮೇಲೆ ಹೆಂಗಸು, ಕೆಳಗೆ ಮೀನು. ಇವಳಿಗೆ ಕನ್ನಡದಲ್ಲಿ ಮತ್ಸ್ಯಕನ್ಯೆ ಅಂತಾರೆ, ಮರಾಠಿಯಲ್ಲಿ ಜಲಪರಿ ಅಂತಾರೆ. ಇಂಥವಳು ನಿಜವಾಗಿ ಇದ್ದಳೇನು? ವಿಚಾರ ಮಾಡೋಣ ಬನ್ನಿ.

ಕತೆ ಏನು ಹೇಳುತ್ತದೆ?

ಮಹಾಭಾರತದ ಮತ್ಸ್ಯಗಂಧಿ ಮೀನಿನ ಹೊಟ್ಟೆಯಲ್ಲಿ ಹುಟ್ಟಿದಳು. ಯಮುನಾ ನದಿಯಲ್ಲಿ ದೋಣಿ ನಡೆಸಿದಳು. ಮುಂದೆ ಶಂತನು ರಾಜನ ರಾಣಿ ಸತ್ಯವತಿಯಾದಳು. ಅವಳ ಮೈಗೆ ಮೀನಿನ ವಾಸನೆ ಇತ್ತು, ಮೀನಿನ ಬಾಲ ಇರಲಿಲ್ಲ. ಬಾಲ ಇರುವ ಹೆಣ್ಣನ್ನು ಕಂಡೆವು ಅಂತ ಹೇಳಿದವರು ಹೆಚ್ಚಾಗಿ ಸಮುದ್ರದ ನಾವಿಕರು.

ನಾವಿಕರು ಕಂಡದ್ದು ಏನು?

1493ರಲ್ಲಿ ಕೊಲಂಬಸ್ ಅಮೆರಿಕದ ಕಡೆ ಸಮುದ್ರದಲ್ಲಿ ಮೂವರು ಮತ್ಸ್ಯಕನ್ಯೆಯರನ್ನು ಕಂಡನಂತೆ. ಚಿತ್ರದಲ್ಲಿ ಇದ್ದಷ್ಟು ಚೆಲುವೆಯರಲ್ಲ ಅಂತಲೂ ಬರೆಸಿದ! ಅವನು ಕಂಡದ್ದು ಮ್ಯಾನಟೀ ಎಂಬ ಪ್ರಾಣಿ ಇರಬೇಕು ಎನ್ನುತ್ತಾರೆ ತಿಳಿದವರು. ಅದರ ಬಳಗದ ಕಡಲಹಸು ನಮ್ಮ ದೇಶದ ಸಮುದ್ರದಲ್ಲೂ ಇದೆ. ಸುಮಾರು 3 ಮೀಟರ್ ಉದ್ದ. ನೀರಿನೊಳಗಿನ ಹುಲ್ಲು ಮೇಯುತ್ತದೆ. ಉಸಿರಾಡಲು ಆಗಾಗ ತಲೆ ಮೇಲೆತ್ತುತ್ತದೆ. ತಾಯಿಯ ಮೊಲೆಗಳು ಎದೆಯ ಭಾಗದಲ್ಲಿ ಇರುತ್ತವೆ. ಹಿಂದೆ ಮೀನಿನಂಥ ಬಾಲ. ದೂರದಿಂದ ಮಬ್ಬಿನಲ್ಲಿ ಕಂಡರೆ ಹೆಂಗಸು ಅಂತ ಅನಿಸೀತು. ಈಗ ಕಡಲಹಸುಗಳು ಬಹಳ ಕಡಿಮೆಯಾಗಿವೆ. ಅವುಗಳನ್ನು ಉಳಿಸಲು 2022ರಲ್ಲಿ ತಮಿಳುನಾಡು ಸರ್ಕಾರ 448 ಚದರ ಕಿಲೋಮೀಟರ್ ಸಮುದ್ರವನ್ನು ಕಾದಿರಿಸಿತು.

ಆದರೆ ಮತ್ಸ್ಯಕನ್ಯೆಯ ಒಂದು ಎಲುಬೂ ಎಲ್ಲಿಯೂ ಸಿಕ್ಕಿಲ್ಲ. ಪುರಾವೆ ಇಲ್ಲ ಎಂದು ಅಮೆರಿಕ ಸರ್ಕಾರದ ಸಮುದ್ರ ಸಂಸ್ಥೆಯೇ 2012ರಲ್ಲಿ ತಿಳಿಸಿತು.

ಜಾತ್ರೆಯಲ್ಲಿ ತೋರಿಸ್ತಾರಲ್ರೀ?

ಅದು ಕಣ್ಕಟ್ಟು. 1842ರಲ್ಲಿ ನ್ಯೂಯಾರ್ಕ್‌ನಲ್ಲಿ ಬಾರ್ನಮ್ ಎಂಬವನು ಒಣಗಿದ ಮತ್ಸ್ಯಕನ್ಯೆಯನ್ನು ತೋರಿಸಿ ರೊಕ್ಕ ಗಳಿಸಿದ. ಅದು ಮಂಗನ ಮೈಗೆ ಮೀನಿನ ಬಾಲ ಜೋಡಿಸಿದ ಗೊಂಬೆ. ಇಂದು ಮೊಬೈಲಿನಲ್ಲಿ ಬರುವ ವಿಡಿಯೋಗಳೂ ಇಂಥ ಜೋಡಣೆಯೇ.

ತಾಯಿಯ ತಪ್ಪಲ್ಲ

ಜಾತ್ರೆಯಲ್ಲಿ ಹೋಗುವುದು ನಾಲ್ಕು ಕಾಸು. ಆದರೆ ಈ ನಂಬಿಕೆ ಬಾಣಂತಿಯ ಕೋಣೆಗೆ ಬಂದರೆ ಕೇಡು ದೊಡ್ಡದು. ಲಕ್ಷ ಹೆರಿಗೆಗಳಲ್ಲಿ ಸುಮಾರು ಒಂದರಲ್ಲಿ ಎರಡೂ ಕಾಲು ಕೂಡಿಕೊಂಡ ಕೂಸು ಹುಟ್ಟುತ್ತದೆ. ‘ಜಲಪರಿ ಹುಟ್ಟ್ಯಾಳ’ ಅಂತ ಜನ ನೋಡಲು ಮುಗಿಬೀಳುತ್ತಾರೆ. ಕೆಲವರು ಕೈಮುಗಿಯುತ್ತಾರೆ, ಕೆಲವರು ತಾಯಿಗೆ ಬೈಯುತ್ತಾರೆ. ಇದು ಅವತಾರವಲ್ಲ, ಪಾಪವಲ್ಲ, ಗ್ರಹಣದ ದೋಷವೂ ಅಲ್ಲ. ಬಸಿರಿನ ಮೊದಲ ವಾರಗಳಲ್ಲೇ ಕೂಸಿನ ಬೆಳವಣಿಗೆ ತಪ್ಪುವುದರಿಂದ ಹೀಗಾಗುತ್ತದೆ. ಮೂತ್ರಪಿಂಡವೂ ಸರಿಯಾಗಿ ಬೆಳೆದಿರುವುದಿಲ್ಲ. ಹೀಗಾಗಿ ಬಹಳಷ್ಟು ಕೂಸುಗಳು ಉಳಿಯುವುದಿಲ್ಲ. ಅಂಥ ಮನೆಗೆ ಹೋದರೆ ಫೋಟೋ ತೆಗೆಯಬೇಡಿ. ತಾಯಿಗೆ ಧೈರ್ಯ ಹೇಳಿ.

ಬಸುರಿಯಾದ ಕೂಡಲೇ ಸರ್ಕಾರಿ ದವಾಖಾನೆಯಲ್ಲಿ ಹೆಸರು ಹಚ್ಚಿರಿ. ಸಕ್ಕರೆ ಕಾಯಿಲೆಯ ತಪಾಸಣೆ ಮಾಡಿಸಿರಿ. ವೈದ್ಯರು ಹೇಳಿದಾಗ ಸೋನೋಗ್ರಾಫಿ ತಪ್ಪಿಸಬೇಡಿ.

ಮಕ್ಕಳಿಗೆ ಮತ್ಸ್ಯಕನ್ಯೆಯ ಕತೆ ಅವಶ್ಯ ಹೇಳಿರಿ. ಕತೆಯನ್ನು ಕತೆ ಅಂತಲೇ ಹೇಳಿರಿ.

ಉತ್ತರ ಬರೆಯಿರಿ

1. ಮತ್ಸ್ಯಗಂಧಿ ಯಾವ ನದಿಯಲ್ಲಿ ದೋಣಿ ನಡೆಸುತ್ತಿದ್ದಳು?
2. ಕಡಲಹಸು ಏಕೆ ತಲೆ ಮೇಲೆತ್ತುತ್ತದೆ?
3. ಕಾಲು ಕೂಡಿದ ಕೂಸು ಹುಟ್ಟಿದರೆ ತಾಯಿಗೆ ನೀವು ಏನು ಹೇಳುವಿರಿ?